ತಲೆ ತಿರುಗುವ ಹುಡುಗಿ

ಮೊನ್ನೆ ಮೂಡಬಿದಿರೆಯ ಸಂತೆಯಲ್ಲಿ ಹಾಳೆಯ ಮುಟ್ಟಾಳೆಗಳ ರಾಶಿ ಕಂಡು ಒಂದನ್ನು ತಲೆಗಿಟ್ಟು ನೋಡಿದೆ. ಒಣಗಿದ ಅಡಿಕೆಹಾಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕುತ್ತಿಗೆ ತಾನಾಗಿ ಬಿಗಿದು ನಿಂತಿತು! ಎಷ್ಟು ವರ್ಷವಾಯಿತು... ಆದರೂ ನಮ್ಮ ಪಿ.ಟಿ. ಟೀಚರ್ ಎದುರಿಗೇ ನಿಂತ ಹಾಗಾಯಿತು.

ಅಳದಂಗಡಿ ಕಡೆಯ ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ನಾನು ರೈಡರ್. ಕಾಲು ಚುರುಕು, ಬುದ್ಧಿ ಅಷ್ಟಕ್ಕಷ್ಟೆ. ಯಾರನ್ನು ಮುಟ್ಟಬೇಕೋ ಅವಳತ್ತ ಮುಖ ಮೊದಲೇ ಹೊರಳುತ್ತಿತ್ತು. ಎದುರಿನವರು ಕಾದಿದ್ದು ಹಿಡಿಯುತ್ತಿದ್ದರು. "ನಿನ್ನ ತಲೆ ತಿರುಗ್ತದೆ. ಅದೇ ತೊಂದರೆ" ಎಂದರು ಟೀಚರ್. ನಾನೊಬ್ಬಳು ಪೆದ್ದಿ, ಅದನ್ನು ಹಾಗೇ ಮನೆಯಲ್ಲಿ ಒಪ್ಪಿಸಿದೆ. ಅಮ್ಮ ಜೀರಿಗೆ ಕಷಾಯ ಕುಡಿಸಿ, ಆಟ ಬಂದ್ ಮಾಡಿಬಿಟ್ಟಳು! ತಾಲೂಕು ಪಂದ್ಯ ಹತ್ತಿರವಿತ್ತು. ಈ ಸಲವೂ ಸೋತರೆ ಹುಡುಗಿಯರ ತಂಡವೇ ಬೇಡ ಎಂದು ಹೆಡ್‌ಮಾಸ್ಟ್ರು ಹೇಳಿಯಾಗಿತ್ತು.

ಟೀಚರ್ ಮನೆಗೇ ಬಂದರು.

"ತಲೆ ತಿರುಗುವ ಹುಡುಗಿಯನ್ನು ಆಟಕ್ಕೆ ಕಳಿಸುವುದುಂಟಾ ಟೀಚರ್?" ಎಂದು ಅಮ್ಮ ಜಗಳಕ್ಕೇ ನಿಂತಳು.

"ಅಯ್ಯೋ, ತಿರುಗುವುದು ಕುತ್ತಿಗೆ ಮಾರಾಯ್ರೆ!"

ಟೀಚರ್ ನಕ್ಕ ನಗುವಿಗೆ ಅಮ್ಮನಿಗೂ ನಗು ಬಂತು. ಆಮೇಲೆ ಜಗಲಿಯಲ್ಲೇ ಪಾಠ. ಹೆಬ್ಬೆರಳು ಕಣ್ಣೆದುರು ಹಿಡಿದು ಆಡಿಸಿದರೆ ಅದರ ಗೆರೆಗಳೆಲ್ಲ ಮಸುಕು. ಬೆರಳು ಅಲ್ಲೇ ಇಟ್ಟು ತಲೆ ಅಲ್ಲಾಡಿಸಿದರೆ ಗೆರೆ ಸ್ಪಷ್ಟ! ಅಮ್ಮ ಮತ್ತೆ ಮತ್ತೆ ತಲೆ ಅಲ್ಲಾಡಿಸಿದಳು, ನಂಬಲಾಗಲಿಲ್ಲ ಅವಳಿಗೆ. ತಲೆ ಅತ್ತ ಹೋದದ್ದನ್ನು ಕಿವಿಯೊಳಗಿನ ನೀರು ಮೆದುಳಿಗೆ ತಿಳಿಸುತ್ತದೆ, ಮೆದುಳು ಆ ಕ್ಷಣವೇ ಕಣ್ಣನ್ನು ಇತ್ತ ಎಳೆಯುತ್ತದೆ ಎಂದರು ಟೀಚರ್. ನಾವು ಏನನ್ನಾದರೂ ನೋಡಹೊರಟರೆ ಮೊದಲು ಓಡುವುದು ಕಣ್ಣು, ಹಿಂದಿನಿಂದ ಹೇಳದೆ ಕೇಳದೆ ಬರುವುದು ತಲೆ. "ಆ ತಲೆಯನ್ನು ನೀನು ನಿಲ್ಲಿಸ್ಬೇಕು. ಕಣ್ಣು ಮಾತ್ರ ಹೋಗ್ಲಿ."

ಅಪ್ಪನ ಮುಟ್ಟಾಳೆಯನ್ನು ನನ್ನ ತಲೆಯ ಮೇಲೆ ಸಡಿಲವಾಗಿ ಇಟ್ಟರು. ಅದು ಅಲುಗದಂತೆ, ಪಕ್ಕದಲ್ಲಿ ಅವರು ಎತ್ತಿದ ಬೆರಳೆಷ್ಟು ಎಂದು ನಾನು ಹೇಳಬೇಕು. ಬೀಳುತ್ತಿತ್ತು, ಇಡುತ್ತಿದ್ದರು, ಮತ್ತೆ ಬೀಳುತ್ತಿತ್ತು... ಕುತ್ತಿಗೆ ಮರಗಟ್ಟಿ ಹೋಯಿತು. ಪಂದ್ಯದ ಹಿಂದಿನ ಸಂಜೆಯಷ್ಟೇ ಅದು ಬೀಳದೆ ನಿಂತಿತು.

ಬೆಳ್ತಂಗಡಿಯಲ್ಲಿ ಫೈನಲ್. ಅಂಕ ಸಮ, ಕೊನೆಯ ರೈಡ್ ನನ್ನದು. ಮುಖವನ್ನು ಎಡಮೂಲೆಯವಳತ್ತ ನೆಟ್ಟು ಕಣ್ಣನ್ನು ಮಾತ್ರ ಬಲಕ್ಕೆ ಜಾರಿಸಿದೆ. ಅಬ್ಬಾ, ಎದುರಿನವರೆಲ್ಲ ಎಡಕ್ಕೆ ವಾಲಿದರು! ಬಲಮೂಲೆಯವಳ ಮೊಣಕಾಲಿಗೆ ಕಾಲು ತಾಗಿಸಿ ಗೆರೆ ದಾಟಿ ಬಿದ್ದೆ. ಟೀಚರ್ ಹಾರಿದ ರಭಸಕ್ಕೆ ಅವರ ಚಪ್ಪಲಿ ಎಲ್ಲೋ ಹೋಯಿತು. ತನ್ನ ಮಗಳಿಗೆ ತಲೆ ತಿರುಗಲಿಲ್ಲ ಎಂದು, ಆಟ ನೋಡಲು ಬಂದಿದ್ದ ಅಮ್ಮ ತುಳುವಿನಲ್ಲಿ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು. ಅಷ್ಟು ಸಂತೋಷ ನನಗೆ ಆಮೇಲೆ ಯಾವುದರಲ್ಲೂ ಆಗಿಲ್ಲ.

ಕಳೆದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಹುಡುಗಿಯರ ತಂಡ ಈಗಲೂ ಉಂಟು. ನಿನ್ನೆ ಅವರ ಆಟ ನೋಡಲು ಹೋಗಿದ್ದೆ. ಜಡೆ ಮೇಲೆ ಕಟ್ಟಿದ ಒಬ್ಬಳು ಸಣ್ಣ ಹುಡುಗಿ ಮೂವರನ್ನು ಒಟ್ಟಿಗೆ ಮುಟ್ಟಿ ಓಡಿಬಂದಳು. "ನೋಡಿದ್ರಾ ಟೀಚರ್?" ಎಂದು ಕಿರುಚಿ ಪಕ್ಕಕ್ಕೆ ತಿರುಗಿದೆ.

ಪಕ್ಕದಲ್ಲಿ ಯಾರೋ ನೆಲಗಡಲೆ ತಿನ್ನುತ್ತಿದ್ದರು. "ನೋಡಿದೆ, ನೋಡಿದೆ" ಎಂದರು ಪಾಪ.