ಶೂಶಿನ ಗೋಡೆ ಕಾಯುವ ಉಸ್ತಾ

ಬೆಳಕು ಹರಿಯುವ ಮೊದಲೇ ಮಣ್ಣುಗೋಡೆಯ ಮೇಸ್ತ್ರಿ ಉಸ್ತಾ ಖುದಾಕರಮ್ ಷರಾಯಿ ಮಡಚಿ ಮಣ್ಣಿಗಿಳಿದಿದ್ದಾರೆ. ಗೋಧಿ ಹೊಟ್ಟು ಬೆರೆಸುವ ಮುನ್ನ ಚಿಟಿಕೆ ಮಣ್ಣು ನಾಲಿಗೆಗಿಟ್ಟು ಉಗಿಯುತ್ತಾರೆ. “ಉಪ್ಪಿದೆ. ಇನ್ನೊಂದ್ಸಲ ನೀರಲ್ಲಿ ತೊಳೀಬೇಕು.” ಉಪ್ಪು ಉಳಿದರೆ ವರ್ಷದೊಳಗೆ ಗೋಡೆ ಉದುರುತ್ತದೆ.

ಬೈಬಲ್ಲಿನ ಶೂಶನ್ ಪಟ್ಟಣವೇ ಇರಾನಿನ ಈ ನಮ್ಮ ಶೂಶ್. ತಬ್ಬಲಿ ಹುಡುಗಿ ಎಸ್ತೇರಳು ರಾಣಿಯಾದ ಊರು. ದಿಬ್ಬದ ಕೆಳಗೆ ದಾನಿಯಾಲ್ ಪ್ರವಾದಿಯ ಗೋರಿಯ ಬಿಳಿ ಗೋಪುರ. ದಾರಿಯೂಷ್ ದೊರೆ ಇಲ್ಲಿ ಅರಮನೆ ಕಟ್ಟುವುದಕ್ಕೂ ಮೊದಲೇ ಅಸ್ಸೀರಿಯದ ಅರಸನೊಬ್ಬ ಊರು ಹಾಳುಗೆಡವಿ, ನೆಲಕ್ಕೆ ಉಪ್ಪು ಎರಚಿದೆನೆಂದು ಬರೆಸಿಕೊಂಡಿದ್ದಾನೆ. ಉಸ್ತಾಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. “ಎರಚಿ ಹೋದೋನು ಅವನು, ನೆಕ್ತಾ ಇರೋನು ನಾನು!”

ಹದಿನೇಳನೆಯ ವಯಸ್ಸಿಗೆ ಆ ಹಳೆಯ ಅರಮನೆಯ ಗೋಡೆಗಳನ್ನು ದುರಸ್ತಿ ಮಾಡುವ ಕೆಲಸ ಹಿಡಿದವರಿಗೆ ಈಗ ಅರವತ್ಮೂರು. ಬಿಸಿಲು ಐವತ್ತು ಡಿಗ್ರಿ ಮುಟ್ಟುವ ಬೇಸಿಗೆಯಲ್ಲಿ ಬೆಳಗಿನ ಹತ್ತು ಗಂಟೆಯೊಳಗೆ ನಲವತ್ತು ಬಾಂಡಲಿ ಮಣ್ಣು ಮೆತ್ತಿ ಮುಗಿಸುತ್ತಾರೆ. ಅಂಗೈಯ ಚರ್ಮ ಸುಲಿದು ಗಟ್ಟಿಯಾಗಿದೆ.

ಒಂಬತ್ತು ವರ್ಷದ ಹಿಂದೆ ಐದು ದಿನ ಬಿಡದೆ ಮಳೆ ಹೊಡೆಯಿತು. ಅರಮನೆಯ ಪೂರ್ವ ದಿಕ್ಕಿನ ಹಸಿ ಇಟ್ಟಿಗೆಯ ಗೋಡೆ ಹೊಟ್ಟೆ ಬಿಟ್ಟುಕೊಂಡಿತು. ಹೊದಿಸಿದ್ದ ತಾಡಪಾಲುಗಳು ಗಾಳಿಗೆ ಹರಿದವು. “ಬೀಳೋದೇ ಅದು, ಈಚೆ ಬಾ ಉಸ್ತಾ” ಎಂದು ಮೇಲಧಿಕಾರಿಗಳು ಕೂಗಿದರೂ ಇವರು ಕದಲಲಿಲ್ಲ. ಮರಳಿನ ಚೀಲ ಒಟ್ಟುತ್ತಲೇ ಇದ್ದರು.

ಅಷ್ಟರಲ್ಲಿ ಹೆಂಡತಿ ಸನೋಬರ್ ನೆನೆಯುತ್ತಾ ಕತ್ತೆ ಹೊಡೆದುಕೊಂಡು ದಿಬ್ಬ ಹತ್ತಿ ಬಂದರು. “ನಮ್ಮನೆ ಅಡುಗೆಕೋಣೆ ಮಾಡು ಕುಸೀತು. ಸತ್ತ ರಾಜರ ಗೋಡೆಗೆ ಹೊದಿಕೆ, ಬದುಕಿರೋ ಹೆಂಡ್ತಿಗೆ ಮಳೆ! ಚೆನ್ನಾಗಿದೆ ನಿನ್ನ ನ್ಯಾಯ!”

ಬೈಯುತ್ತಲೇ ಕತ್ತೆಯ ಬೆನ್ನಿಂದ ಗಂಟು ಇಳಿಸಿದರು. ಅವರ ತಾಯಿ ಆಡಿನ ಕೂದಲಿನಿಂದ ನೇಯ್ದು ಮದುವೆಗೆ ಕೊಟ್ಟ ಕಪ್ಪು ಗುಡಾರ ಅದು. ಕುರಿಗಾಹಿಗಳಾದ ಲೂರರ ಈ ಬಟ್ಟೆ ನೆನೆದಷ್ಟೂ ಬಿಗಿದುಕೊಳ್ಳುತ್ತದೆ, ಹನಿ ಒಳಗೆ ಬಿಡುವುದಿಲ್ಲ. ಇಬ್ಬರೂ ಸೇರಿ ಗೋಡೆಗೆ ಹೊದಿಸಿ, ಹಗ್ಗದ ತುದಿಗಳನ್ನು ಹಿಡಿದೇ ಕೂತರು. ಮಳೆ ನಿಂತಾಗ ಗುಡಾರ ಚಿಂದಿಯಾಗಿತ್ತು. ಗೋಡೆ ನಿಂತಿತ್ತು.

“ಆವತ್ತು ಅತ್ರಾ ಅಮ್ಮಾ?” ಎಂದು ಈಗ ಸನೋಬರ್ ಅವರನ್ನು ಕೇಳುತ್ತೇನೆ.

“ಗುಡಾರಕ್ಕೆ ಅತ್ತೆ. ಇವನ ಮುಖ ನೋಡಿ ನಗು ಬಂತು. ಗಂಡು ಮಗು ಹುಟ್ದಂಗೆ ಕುಣೀತಿದ್ದ!”

ಕಳೆದ ತಿಂಗಳು ತೆಹರಾನಿನಿಂದ ಬಂದ ಪ್ರಾಧ್ಯಾಪಕಿಯೊಬ್ಬರು ಆ ಗೋಡೆಯನ್ನು ಸುತ್ತಿ ಸುತ್ತಿ ನೋಡಿದರು. ಹಳೆಯದು ಎಲ್ಲಿ ಮುಗಿಯಿತು, ಉಸ್ತಾರ ಕೈಕೆಲಸ ಎಲ್ಲಿ ಶುರುವಾಯಿತು ಎಂದು ಅವರಿಗೆ ತಿಳಿಯಲಿಲ್ಲ. ಉಸ್ತಾರನ್ನೇ ಕೇಳಿದರು.

“ನಾನು ಹೇಳಲಿಲ್ಲ” ಎನ್ನುತ್ತಾರೆ ಉಸ್ತಾ, ಗಡ್ಡದ ಮಣ್ಣು ಒರೆಸಿಕೊಳ್ಳುತ್ತಾ. “ಹುಡುಕ್ಲಿ ಬಿಡಿ. ಅಷ್ಟು ಓದಿದಾರೆ!”