ನೀರು ಬಿಡುವ ಪೆಟ್ಟಿಗೆ ಮತ್ತು ಮಾಣಿಕಪ್ಪನ ಕುಂಕುಮ

ದಸರೆ ಮುಗಿದ ಮರುದಿನವೇ ನಮ್ಮೂರಿನ ಒಬ್ಬ ಮನುಷ್ಯನಿಗೆ ಮೆಮೊ ಬಂತು. ಅವನು ಮಾಡಿದ ತಪ್ಪೇನು ಗೊತ್ತೇ? ಕುಂಕುಮ ಹಚ್ಚಿದ್ದು!

ನಗಬೇಡಿ. ಮೊದಲು ನಾನೂ ನಕ್ಕಿದ್ದೆ. ಒಂದು ದಿನ ಕಳೆಯುವಷ್ಟರಲ್ಲಿ ಆ ನಗೆಗೆ ನನಗೇ ನಾಚಿಕೆಯಾಯಿತು.

ರಜೆ ಮುಗಿದು ಶಾಲೆ ತೆರೆಯುವ ಸೋಮವಾರ. ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಮಾಣಿಕಪ್ಪ ಕಾಕಾ ಬಂದು ಬಾಗಿಲಲ್ಲಿ ನಿಂತ. ಮೊಗುಡಂಪಲ್ಲಿಯಲ್ಲಿ ನಮ್ಮ ಓಣಿಯವನೇ. ಕುರಿ ಸಾಕುವ ಮನೆತನ. ಹನ್ನೆರಡು ವರ್ಷದಿಂದ ಜಹೀರಾಬಾದಿನ ಒಂದು ಕಾರ್ಖಾನೆಯಲ್ಲಿ ಮಾಲಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಆದರೂ ನಾನು ಮಾಸ್ತರನಾದ ದಿನದಿಂದ ನನಗೆ ‘ರಿ’ ಹಚ್ಚಿಯೇ ಮಾತಾಡುತ್ತಾನೆ. (ಬೇಡವೆಂದು ಹೇಳಿ ಹೇಳಿ ನಾನೇ ಸೋತೆ.)

“ಇದೊಂದ್ ಕಾಗದ ಓದ್ರಿ ಮಾಸ್ತರ್ರ. ಇಂಗ್ಲಿಷಿನಾಗ ಅದ. ಒಬ್ಬೊಬ್ಬರು ಒಂದೊಂದ್ ಹೇಳಾಕತ್ತಾರ, ನನ್ ತಲಿ ಕೆಟ್ಟು ಹೋಗ್ಯಾದ.”

ಓದಿದೆ. ಕಂಪನಿಯ ಬೆಲೆಬಾಳುವ ನೀರಾವರಿ ಯಂತ್ರವನ್ನು ಅನುಮತಿಯಿಲ್ಲದೆ ಮುಟ್ಟಿದ್ದೀಯೆ, ಅದರ ಸಮಯ ತಪ್ಪಿಸಿದ್ದೀಯೆ, ಹೆಡ್ ಆಫೀಸಿನಿಂದ ಬಂದ ಅತಿಥಿಗಳನ್ನು ತೋಯಿಸಿದ್ದೀಯೆ. ನಿನ್ನನ್ನು ಕೆಲಸದಿಂದ ಯಾಕೆ ತೆಗೆಯಬಾರದು? ಮಂಗಳವಾರದ ಒಳಗೆ ಉತ್ತರ ಕೊಡು. ಇದು ಸಾರಾಂಶ. ಕೊನೆಯಲ್ಲಿ ಸಾಕ್ಷಿಯೂ ಇತ್ತು: ಯಂತ್ರದ ಡಯಲ್ ಮೇಲೆ ಕೆಂಪು ಪುಡಿ ಸಿಕ್ಕಿದೆ.

ಕೆಂಪು ಪುಡಿಯಂತೆ! ಈ ನೆಲದಲ್ಲಿ ಅನ್ನ ತಿನ್ನುವವರಿಗೆ ಅದರ ಹೆಸರು ಗೊತ್ತಿಲ್ಲವೇ?

ವಿಷಯ ಏನೆಂದು ಹೇಳುತ್ತೇನೆ. ಈ ಕಾರ್ಖಾನೆಯ ಮುಂದೆ ಮೂರು ಎಕರೆ ಹುಲ್ಲು ಬೆಳೆಸಿದ್ದಾರೆ. ಬರೀ ಹುಲ್ಲು. ನಡುವೆ ತಾಂಡೂರಿನ ಕಲ್ಲು ಹಾಸಿದ ದಾರಿ, ಅಂಚಿಗೆ ಗುಲಾಬಿ. ಕಾಂಪೌಂಡಿನ ಆಚೆ ಜೋಳ, ತೊಗರಿ ಮಳೆಗಾಗಿ ಮುಗಿಲು ನೋಡುತ್ತವೆ. ಒಳಗಿನ ಹುಲ್ಲಿಗೆ ಮಾತ್ರ ಬೋರಿನ ನೀರು. (ಯಾವ ಕಾರ್ಖಾನೆ ಎಂದು ಕೇಳಬೇಡಿ. ಈಗ ಅಂಥವು ಎರಡು ಮೂರು ಆಗಿವೆ.)

ಆ ಹುಲ್ಲನ್ನು ಹನ್ನೆರಡು ವರ್ಷ ಕಾಪಾಡಿದವನು ಮಾಣಿಕಪ್ಪ. ಅವನು ಗಡಿಯಾರ ನೋಡಿ ನೀರು ಬಿಟ್ಟವನಲ್ಲ. ಬೆಳಿಗ್ಗೆ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆಯುತ್ತಾನೆ, ತಿರುಗಿ ನೋಡುತ್ತಾನೆ. ತುಳಿದ ಹುಲ್ಲು ಎದ್ದು ನಿಂತರೆ ನೀರು ಬೇಡ. ಮಲಗೇ ಇದ್ದರೆ ಬೇಕು. ಕುರಿ ಹಿಂದೆ ತಿರುಗುವಾಗ ಅವನ ಅಪ್ಪ ಕಲಿಸಿದ್ದಂತೆ. ಆ ಹುಲ್ಲು ಒಂದು ದಿನವೂ ಒಣಗಿದ್ದನ್ನು ನಾನು ಕಂಡಿಲ್ಲ.

ಆದರೆ ಕಾಲ ಮುಂದೆ ಹೋಗಬೇಕಲ್ಲ? ನವಮಿಗೆ ಎರಡು ದಿನ ಮೊದಲು, ಮಂಗಳವಾರ ಬೆಳಿಗ್ಗೆ, ಬೊಂಬಾಯಿಯಿಂದ ಬಂದ ಇಂಜಿನಿಯರ್ ಒಬ್ಬ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿದ. ಫಾರಿನ್ ಮಾಲು. ಒಳಗೆ ಗಡಿಯಾರದಂಥ ಡಯಲ್. ಬೆಳಗಿನ ಐದಾದ ಕೂಡಲೇ ವಾಲ್ವು ತಾನೇ ತೆರೆಯುತ್ತದೆ, ಹುಲ್ಲಿನೊಳಗಿಂದ ನಳಿಕೆಗಳು ತಲೆಯೆತ್ತಿ ಗರಗರ ತಿರುಗುತ್ತ ನೀರೆರಚುತ್ತವೆ, ಮುಗಿದ ಮೇಲೆ ತಾವೇ ಒಳಗೆ ಹೋಗುತ್ತವೆ. ಮನುಷ್ಯ ಬೇಕಿಲ್ಲ. ಇಂಜಿನಿಯರ್ ಅಂದೇ ಬೊಂಬಾಯಿ ಬಸ್ಸು ಹತ್ತಿದ.

“ಪೆಟ್ಟಿಗಿ ಮುಟ್ಟಿದ್ದು ಖರೇನಾ ಕಾಕಾ?” ಎಂದೆ.

“ಖರೇ ಅದರಿ. ನವಮಿ ದಿನ ಸಲಿಕಿ, ಕತ್ರಿ, ಪೈಪು ಎಲ್ಲಾಕೂ ಪೂಜಾ ಮಾಡೀನಿ. ಇದೂ ನಮ್ ಕೆಲಸದ ಸಾಮಾನಾ ಆತಲ್ರಿ? ಅದಕ್ಕೊಂದಕ್ಕ ಬಿಟ್ರ ಹ್ಯಾಂಗ? ಬಾಗಲಾ ತೆಗೆದು ನಡುವ ಕುಂಕುಮ ಹಚ್ಚೀನಿ, ಒಂದು ಚೆಂಡು ಹೂವ ಇಟ್ಟೀನಿ. ಚಕ್ರ ತಿರಿಗಿಸಿಲ್ರಿ. ನಮ್ಮವ್ವನ ಆಣಿ.”

“ಇದನ್ನ ಸಾಹೇಬರ ಮುಂದ ಹೇಳಿದೇನು?”

“ಹೇಳೀನ್ರಿ. ಮುಟ್ಟೀಯೇನು ಅಂತ ಕೇಳಿದ್ರು. ಮುಟ್ಟೀನ್ರಿ ಅಂದೆ. ಮುಟ್ಟದ ಪೂಜಾ ಹ್ಯಾಂಗ ಮಾಡಬೇಕು?”

ಮುಗಿಯಿತಲ್ಲ! ಸಾಹೇಬರು, ಅಂದರೆ ಕಾರ್ಖಾನೆಯ ಮ್ಯಾನೇಜರು, ಕೇಳಿದ್ದು ಒಂದೇ ಪ್ರಶ್ನೆ. ಇವನು ಕೊಟ್ಟದ್ದು ಒಂದೇ ಉತ್ತರ. ಪೂಜೆಯ ಮಾತು ಅವರ ಕಿವಿಗೆ ಬೀಳಲಿಲ್ಲ. ‘ಮುಟ್ಟಿದೆ’ ಎನ್ನುವುದೊಂದೇ ಬಿತ್ತು.

ಇನ್ನೊಂದು ಮಾತು ಕೇಳಿ. ಯಂತ್ರ ದಿನದಿನಕ್ಕೆ ತಡವಾಗಿ ಏಳುತ್ತಿದೆ ಎಂದು ಮೊದಲು ಗಮನಿಸಿದವನೂ ಮಾಣಿಕಪ್ಪನೇ. ಬುಧವಾರ ಆರೂವರೆಗೆ ನೀರು ಬಿಟ್ಟಿತು. ಗುರುವಾರ ಎಂಟಕ್ಕೆ, ಅದೂ ಜಿಟಿಜಿಟಿ ಮಳೆಯಲ್ಲಿ! ಮೇಲಿಂದ ಮಳೆ, ಕೆಳಗಿಂದ ಯಂತ್ರದ ಮಳೆ. ಇವನು ಓಡಿಹೋಗಿ ಸಾಹೇಬರಿಗೆ ಹೇಳಿದ್ದಾನೆ. ಸಾಹೇಬರು ಅಂದದ್ದು, “ಅದು ಫಾರಿನ್ ಮಷಿನ್. ನಿನಗೇನು ತಿಳಿಯುತ್ತದೆ? ಸುಮ್ಮನಿರು.” ಸುಮ್ಮನಿದ್ದ. ಶನಿವಾರ ಹನ್ನೊಂದಕ್ಕೆ ಹೆಡ್ ಆಫೀಸಿನ ದೊಡ್ಡವರು ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುವಾಗ ನಳಿಕೆಗಳು ಎದ್ದವು. ಸೂಟು, ಬೂಟು, ಬಿಸ್ಕತ್ತು ಎಲ್ಲ ನೀರು. ಯಾರದಾದರೂ ತಪ್ಪು ಆಗಲೇಬೇಕಿತ್ತು. ಸಂಜೆಗೆ ಮೆಮೊ ಕೈಗೆ ಬಂತು. ಡಯಲ್ ಸರಿಮಾಡಿ, ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಸಾಹೇಬರೇ ಜೇಬಿಗೆ ಹಾಕಿಕೊಂಡರು.

ಕಾಕಾ ಹೊಸ್ತಿಲ ಮೇಲೆ ಕೂತ. ನನ್ನ ಹೆಂಡತಿ ಚಹಾ ತಂದಳು. ಕುಡಿಯಲಿಲ್ಲ. “ನೌಕ್ರಿ ಹೋದ್ರ ಕುರಿ ಅದಾವ್ರಿ, ಹ್ಯಾಂಗರ ಆತದ. ಆದ್ರ ನಾರಾಯಣಖೇಡದಾಗ ಬೀಗರು ಏನಂತಾರ? ಕಾರ್ಖಾನಿ ಸಾಮಾನಾ ಕೆಡಿಸಿದಾಂವ, ತೆಗೆದು ಹಾಕ್ಯಾರ ಅಂತಾರ. ಮಗಳು ಆ ಮನ್ಯಾಗ ತಲಿ ಎತ್ತಬೇಕಲ್ರಿ?” ಎಂದ. ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟದ ಅರ್ಥ ಮದುವೆಯಾದವರಿಗೆಲ್ಲ ಗೊತ್ತು.

ಏನು ಉತ್ತರ ಬರೆಯುವುದು? ಶಾಲೆಗೆ ಹೋದರೂ ಅದೇ ಯೋಚನೆ. ಹನ್ನೆರಡೂವರೆಗೆ ಹೆಡ್‌ಮಾಸ್ತರರ ತಲೆಯ ಮೇಲಿನ ಫ್ಯಾನು ನಿಂತಿತು. ದಿನವೂ ಇದೇ ಹೊತ್ತಿಗೆ ಕರೆಂಟ್ ಕಟ್. ಸರಿಯಾಗಿ ಒಂದೂವರೆ ತಾಸು. ಅವರು ರಿಜಿಸ್ಟರಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ನನಗೆ ಥಟ್ಟನೆ ಹೊಳೆಯಿತು. ಪೆಟ್ಟಿಗೆಯ ಗಡಿಯಾರವೂ ಕರೆಂಟಿನ ಮೇಲೇ ನಡೆಯುವುದಲ್ಲವೇ? ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಬಂದಾಗ ನಿಂತಲ್ಲಿಂದಲೇ ಶುರು. ದಿನಕ್ಕೆ ಒಂದೂವರೆ ತಾಸು ಹಿಂದೆ. ನಾಲ್ಕು ದಿನಕ್ಕೆ ಆರು ತಾಸು. ಪೆಟ್ಟಿಗೆಯ ಬೆಳಗಿನ ಐದು ಅಂದರೆ ನಮ್ಮ ಹನ್ನೊಂದು! ನಾಲ್ಕನೆಯ ಇಯತ್ತೆಯ ಲೆಕ್ಕ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಕಾಕಾನ ಜೊತೆ ಹೋದೆ. ಸಾಹೇಬರು ಒಳ್ಳೆಯ ಮರ್ಯಾದೆಯಿಂದಲೇ ಕೂರಿಸಿದರು. (ನನ್ನನ್ನು. ಕಾಕಾ ನಿಂತೇ ಇದ್ದ.) ಒಂದು ಸಲ ಪೆಟ್ಟಿಗೆ ತೆರೆದು ತೋರಿಸಿ ಎಂದು ಕೇಳಿಕೊಂಡೆ. ಮನಸ್ಸಿಲ್ಲದ ಮನಸ್ಸಿನಿಂದ ಬಂದು ಬೀಗ ತೆಗೆದರು.

ನನ್ನ ಕೈಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು. ಡಯಲ್ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು.

“ಶನಿವಾರ ಸಂಜೆಯಿಂದ ಕೀಲಿ ನಿಮ್ಮ ಹತ್ತಿರವೇ ಇತ್ತಲ್ಲ ಸಾಹೇಬರೇ? ಭಾನುವಾರ, ಸೋಮವಾರ, ಎರಡು ಸಲ ಕರೆಂಟ್ ಹೋಯಿತು, ಸಲಕ್ಕೆ ಒಂದೂವರೆ ತಾಸು. ಯಾರೂ ಮುಟ್ಟದೆ ಸರಿಯಾಗಿ ಮೂರು ತಾಸು ಹಿಂದೆ ಬಿದ್ದದ್ದು ಹೇಗೆ?” ಎಂದೆ. ಇನ್ನು ಹತ್ತು ನಿಮಿಷ ಇಲ್ಲೇ ನಿಲ್ಲೋಣ ಎಂದೆ. ನಿಂತೆವು. ಹನ್ನೆರಡೂವರೆಗೆ ಸರಿಯಾಗಿ ಪೆಟ್ಟಿಗೆಯೊಳಗಿನ ಗುಂಯ್ ಸದ್ದು ನಿಂತಿತು. ಕಾರ್ಖಾನೆಯೊಳಗಿನ ಮಷಿನ್‌ಗಳಿಗೆ ಜನರೇಟರ್ ಶುರುವಾದದ್ದು ಕೇಳಿಸಿತು. ತೋಟದ ಲೈನಿಗೆ ಆ ಭಾಗ್ಯವಿಲ್ಲ. ಕಾಲು ತಾಸು ಕಾದೆವು. ಡಯಲ್ ಕೂದಲೆಳೆಯಷ್ಟೂ ಕದಲಲಿಲ್ಲ.

“ಈಗ ಯಾರ್ ಮುಟ್ಟ್ಯಾರ್ರಿ ಸಾಬ್?” ಎಂದ ಮಾಣಿಕಪ್ಪ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಗೆದ್ದೆವು ಎಂದುಕೊಂಡೆ. ಎಷ್ಟು ಪೆದ್ದ ನಾನು!

ಸಾಹೇಬರು ನಕ್ಕರು. ಮಾಸ್ತರ್, ನಿಮ್ಮ ಮಾತು ಸರಿ, ಒಪ್ಪುತ್ತೇನೆ ಎಂದರು. ಆದರೆ ಹೆಡ್ ಆಫೀಸಿಗೆ ವರದಿ ಹೋಗಿಬಿಟ್ಟಿದೆ. ಆ ಯಂತ್ರ ತರಿಸಿದವರೇ ಹೆಡ್ ಆಫೀಸಿನವರು. ಯಂತ್ರವೇ ತಪ್ಪು ಎಂದು ನಾನು ಹೇಗೆ ಬರೆಯಲಿ? ಇವನು ಮುಟ್ಟಿದ್ದಂತೂ ಒಪ್ಪಿಕೊಂಡಿದ್ದಾನೆ. ಒಂದು ಮಾಫಿ ಪತ್ರ ಕೊಡಲಿ, ನೌಕರಿ ಉಳಿಯುತ್ತದೆ ಎಂದು ಮಾತು ಮುಗಿಸಿದರು.

ನೋಡಿದಿರಾ? ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಪಾಪ, ಅದು ಕರೆಂಟ್ ಇದ್ದಾಗ ನಡೆಯಿತು, ಇಲ್ಲದಾಗ ನಿಂತಿತು. ಕರೆಂಟ್ ಹೋಗದ ದೇಶದಲ್ಲಿ ಹುಟ್ಟಿದ್ದು. ಇಲ್ಲಿಯ ಹಣೆಬರಹ ಅದಕ್ಕೇನು ಗೊತ್ತು? ಸಿಟ್ಟು ಬರುವುದು ನಮ್ಮ ಮೇಲೆ. ಪೆಟ್ಟಿಗೆ ತಪ್ಪಿದರೆ ಮನುಷ್ಯನ ಕೈ ನೋಡುತ್ತೇವೆ. ಬಸ್ ಸ್ಟ್ಯಾಂಡಿನ ಗಡಿಯಾರ ಹಿಂದಿದ್ದರೆ ಓಡಿಬಂದ ಹಳ್ಳಿಯವನನ್ನು ಕಂಡಕ್ಟರ್ ಬೈಯುತ್ತಾನೆ. ಹನ್ನೆರಡು ವರ್ಷ ತಪ್ಪದ ಮನುಷ್ಯನ ಮಾತು ನಾಲ್ಕು ದಿನದ ಪೆಟ್ಟಿಗೆಯ ಮುಂದೆ ಯಾಕೆ ಹಗುರವಾಗಬೇಕು?

ಪತ್ರ ಮೊದಲೇ ಟೈಪಾಗಿತ್ತು. ‘ನಾನು ಯಂತ್ರವನ್ನು ಮುಟ್ಟಿದೆ. ಅದರಿಂದಾಗಿ ಅದು ಕೆಟ್ಟಿತು. ಕ್ಷಮಿಸಬೇಕು.’ ಮೊದಲ ಸಾಲು ನಿಜ. ಎರಡನೆಯದು ಹಸಿ ಸುಳ್ಳು. ಅದನ್ನಾದರೂ ತೆಗೆಯಿರಿ ಎಂದೆ. ಆಗುವುದಿಲ್ಲ ಎಂದರು.

“ಇದ್ರಾಗ ಕರೆಂಟಿಂದು ಏನರ ಬರದಾರೇನ್ರಿ?” ಕಾಕಾ ಕೇಳಿದ.

“ಇಲ್ಲ.”

“ಹಂಗಾದ್ರ ಏನ್ ಮಾಡ್ಲಿ, ನೀವೇ ಹೇಳ್ರಿ.”

ನಾನು ಹರಿದು ಬಿಸಾಕು ಎನ್ನಬೇಕಿತ್ತು. ಮಕ್ಕಳಿಗೆ ದಿನವೂ ಸತ್ಯದ ಪಾಠ ಮಾಡುವವನು. ನನಗೆ ನಾರಾಯಣಖೇಡದ ಬೀಗರು ನೆನಪಾದರು, ಆ ಹೆಣ್ಣುಮಗಳು ನೆನಪಾದಳು. “ಒತ್ತು ಕಾಕಾ” ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಅವನು ಒಂದು ಸಲ ನನ್ನ ಮುಖ ನೋಡಿದ. ಮಸಿಯ ಡಬ್ಬಿಗೆ ಹೆಬ್ಬೆರಳು ಹಚ್ಚಿ ಒತ್ತಿದ. ಸಾಹೇಬರು ಪತ್ರವನ್ನು ಫೈಲಿಗೆ ಸೇರಿಸಿ, ಹೊಸ ಹುಕುಂ ಕೊಟ್ಟರು. ಇನ್ನು ಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಮಾಣಿಕಪ್ಪನೇ ಪೆಟ್ಟಿಗೆ ತೆರೆದು ಡಯಲ್ ಸರಿಮಾಡಬೇಕು. ನಿನ್ನೆಯ ತನಕ ಮುಟ್ಟಿದ್ದು ಗುನ್ಹೆ, ಇಂದಿನಿಂದ ಮುಟ್ಟುವುದೇ ಡ್ಯೂಟಿ! ಕಾಕಾ ಕೀಲಿ ಇಸಿದುಕೊಂಡು, ಹುಲ್ಲಿನ ಕಡೆ ಹೋದ. ನನಗೆ ಹೋಗಿ ಬರ್ತೀನಿ ಎಂದೂ ಹೇಳಲಿಲ್ಲ.

ಮಾಫಿ ಬರೆದುಕೊಡಲು ಗಡಿಯಾರಕ್ಕೆ ಹೆಬ್ಬೆರಳಿಲ್ಲ, ನಿಜ. ಅಷ್ಟಕ್ಕೇ ಮಾಣಿಕಪ್ಪನ ಹೆಬ್ಬೆರಳು ಕೇಳಬೇಕಿತ್ತೇ?