ಸಭಾಂಗಣದ ನೆಲದ ಮೇಲೊಂದು ಗೆರೆ

ಚರ್ಚಿನ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಆಯಾ ಇಪ್ಪತ್ತೆಂಟು ವರ್ಷಗಳಿಂದ ಕಸ ಗುಡಿಸುತ್ತಿದ್ದರು. ಗಂಟೆ ಬಾರಿಸುವ ಕೆಲಸವೂ ಅವರದೇ. ಬೆಳಗಿನ ಪೂಜೆ ಮುಗಿಸಿ ಸಿಸ್ಟರುಗಳು ಚರ್ಚಿನಿಂದ ಹೊರಬರುವುದರೊಳಗೆ ಐದು ತರಗತಿಗಳು, ಉದ್ದದ ಪಡಸಾಲೆ, ಸಭಾಂಗಣ ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿರಬೇಕು. ಇದು ಯಾರೂ ಹಾಕಿಕೊಟ್ಟ ನಿಯಮವಲ್ಲ, ಅವರೇ ತಮಗೆ ವಿಧಿಸಿಕೊಂಡದ್ದು. ಗುಡಿಸುವವಳ ಬಗ್ಗಿದ ಬೆನ್ನು ಯಾರ ಕಣ್ಣಿಗೂ ಬೀಳಬಾರದು, ಗುಡಿಸಿದ ನೆಲ ಮಾತ್ರ ಕಾಣಬೇಕು ಎಂಬುದು ಅವರ ಹಟ.

"ನಮ್ಮ ಆಯಾ ಗುಡಿಸಿದ ಜಾಗದಲ್ಲಿ ನೊಣ ಕೂಡ ಕಾಲೊರೆಸಿಕೊಂಡು ಕೂರುತ್ತೆ," ಎಂದು ಹಾಡಿನ ಟೀಚರು ಛೇಡಿಸುತ್ತಿದ್ದರು. ಆಯಾ ನಗುತ್ತಿರಲಿಲ್ಲ. ಆದರೆ ಆ ಮಾತನ್ನು ಮನೆಗೆ ಹೋಗಿ ಮಗಳಿಗೆ ತಪ್ಪದೆ ಹೇಳುತ್ತಿದ್ದರು.

ಆ ಶಾಲಾ ಅವಧಿಯಲ್ಲಿ, ಮಕ್ಕಳು ಚರ್ಚಿನಲ್ಲಿ ಮೊದಲ ಬಾರಿ ಪರಮಪ್ರಸಾದ ಸ್ವೀಕರಿಸುವ ಸಮಾರಂಭ ಮುಗಿದ ಮರುವಾರ, ಸಭಾಂಗಣದ ನೆಲದ ಮೇಲೆ ಅವರು ಒಂದು ಗೆರೆಯನ್ನು ಕಂಡರು. ಗೋಡೆಯಿಂದ ಗೋಡೆಯವರೆಗೆ, ಅಡಿಕೋಲು ಇಟ್ಟು ಎಳೆದಂತೆ, ಹಿಟ್ಟಿನಷ್ಟು ನಯವಾದ ಹಳದಿ ಪುಡಿ. ಅಲ್ಲಿ ಪುಡಿ ಬೀಳುವುದು ಹೊಸತಲ್ಲ. ಎಷ್ಟೋ ವರ್ಷಗಳಿಂದ ಚೂರುಪಾರು ಬೀಳುತ್ತಿತ್ತು, ಅವರು ಗುಡಿಸಿ ಹಾಕುತ್ತಿದ್ದರು. ಗೆರೆಯಾಗಿ ಬಿದ್ದದ್ದು ಮಾತ್ರ ಇದೇ ಮೊದಲು. ಗುಡಿಸಿದರು. ಮರುದಿನ ಅದೇ ಜಾಗದಲ್ಲಿ ಅದೇ ಗೆರೆ. ನಾಲ್ಕನೆಯ ದಿನ ತಲೆಯೆತ್ತಿ ನೋಡಿದರು. ಗೆರೆಯ ನೇರಕ್ಕೆ, ಮೇಲೆ, ಕಪ್ಪು ಬಣ್ಣ ಬಳಿದ ದೊಡ್ಡ ತೊಲೆ ಇತ್ತು.

ಅವಧಿಯ ಕೊನೆಯ ವಾರದ ಕಾರ್ಯಕ್ರಮಕ್ಕೆ ಹತ್ತು ದಿನ ಉಳಿದಿತ್ತು. ಇನ್ನೂರು ಮಕ್ಕಳು ಆ ತೊಲೆಯ ಕೆಳಗೆ ನಿಂತು, ಕಾಲು ಬಡಿದು ತಾಳ ಹಾಕಿ ಹಾಡಬೇಕಿತ್ತು. ಮುಂದಿನ ಸಾಲಿನ ನಟ್ಟನಡುವೆ ಆಯಾರ ಮೊಮ್ಮಗಳು, ಒಂದನೆಯ ತರಗತಿಯವಳು.

ಆ ಸಂಜೆ ಅವಳ ಜಡೆ ಬಿಚ್ಚಿ ಬಾಚುವಾಗ ಬಾಚಣಿಗೆಯ ಹಲ್ಲುಗಳಲ್ಲಿ ಹಳದಿ ಪುಡಿ ಸಿಕ್ಕಿತು.

"ತಲೇಲಿ ಏನೇ ಇದು?"

"ನಾವು ಕಾಲು ಬಡಿದ್ರೆ ಮೇಲಿಂದ ಹಿಟ್ಟು ಬೀಳುತ್ತೆ ಅಜ್ಜಿ. ನಂಗೇ ಜಾಸ್ತಿ ಬೀಳೋದು!" ಎಂದು ಮಗು ಹೆಮ್ಮೆಯಿಂದ ಹೇಳಿತು.

ಮರುದಿನ ಆಯಾ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಆಕೆಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು.

"ಹಾಲ್‌ನ ತೊಲೆಯಿಂದ ಪುಡಿ ಬೀಳ್ತಾ ಇದೆ ಸಿಸ್ಟರ್. ಒಂದ್ಸಲ ಬಂದು ನೋಡಿ."

ದೊಡ್ಡ ಸಿಸ್ಟರ್ ಕೂಡಲೇ ಎದ್ದು ಬಂದರು. ನೆಲ ಥಳಥಳಿಸುತ್ತಿತ್ತು.

"ಎಲ್ಲಿ ಪುಡಿ?"

"ಬೆಳಿಗ್ಗೆ ಇತ್ತು. ಗುಡಿಸಿಬಿಟ್ಟೆ."

"ನೀವು ಧೂಳಿಗೆ ಹೆದರಿದ್ದು ಇವತ್ತೇ ನೋಡಿದ್ದು ಆಯಾ! ನಾಳೆ ಹಾಗೇ ಬಿಡಿ, ನೋಡೋಣ."

ಮರುದಿನ ಹಾಗೇ ಬಿಡಬೇಕೆಂದೇ ಆಯಾ ಸಭಾಂಗಣದ ಒಳಹೊಕ್ಕರು. ಆದರೆ ಕಣ್ಣೆದುರು ಕಸ ಬಿದ್ದಿರುವಾಗ ಪೊರಕೆ ಹಿಡಿದ ಕೈ ಸುಮ್ಮನಿರಲಿಲ್ಲ. ಹೊರಗಿನಿಂದ ಚರ್ಚಿನ ಫಾದರ್ ಅವರ ಧ್ವನಿ ಕೇಳಿದ್ದೇ ತಡ, ಗೆರೆ ಅಳಿಸಿಹೋಗಿತ್ತು. ದೊಡ್ಡ ಸಿಸ್ಟರ್ ಬಂದು ಮತ್ತೆ ಬರಿನೆಲವನ್ನೇ ಕಂಡರು. ಈ ಸಲ ನಗಲಿಲ್ಲ. "ರಜೆಯಲ್ಲಿ ಬಡಗೀನ ಕರೆಸ್ತೀನಿ. ಈಗ ನನ್ನ ತಲೆ ತಿನ್ನಬೇಡಿ," ಎಂದು ಹೊರಟುಹೋದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಆಯಾ ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ, ಕೈಕಟ್ಟಿ ನಿಂತರು. ಗೆರೆ ಅಂದು ಬೆರಳಿನಷ್ಟು ದಪ್ಪವಿತ್ತು. ಅವರು ದೊಡ್ಡ ಸಿಸ್ಟರನ್ನು ಕರೆತರಲು ಹೋಗಿ ಬರುವಷ್ಟರಲ್ಲಿ ಅಲಂಕಾರಕ್ಕೆಂದು ಬಂದ ತಾಯಂದಿರು ನೆಲವನ್ನು ಗುಡಿಸಿ, ಒರೆಸಿ, ಕುರ್ಚಿ ಜೋಡಿಸುತ್ತಿದ್ದರು.

"ಆಯಾಗೂ ವಯಸ್ಸಾಯ್ತು ಬಿಡ್ರೀ. ಹಾಲ್ ನಡುವೆ ಇಷ್ಟೊಂದು ಕಸ ಬಿಟ್ಟು ಹೋಗಿದ್ರು," ಎಂದಳು ಅವರಲ್ಲೊಬ್ಬಳು.

ಇಪ್ಪತ್ತೆಂಟು ವರ್ಷಗಳಲ್ಲಿ ಅಂಥ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ದೊಡ್ಡ ಸಿಸ್ಟರ್ ಆಯಾರ ಮುಖವನ್ನೂ ನೋಡದೆ ಹಿಂತಿರುಗಿದರು.

ಹತ್ತು ಗಂಟೆಗೆ ಮಕ್ಕಳು ಪಡಸಾಲೆಯಲ್ಲಿ ಇಬ್ಬಿಬ್ಬರಾಗಿ ಸಾಲು ನಿಂತರು. ಗಂಟೆ ಮೂರು ಬಾರಿ ಬಡಿದರೆ ಮಕ್ಕಳು ಒಳಗೆ ಹೋಗಬೇಕು, ಹೆತ್ತವರು ಅವರ ಹಿಂದೆ. ಬಿಡದೆ ಬಡಿದರೆ ಶಾಲೆ ಬಿಟ್ಟಂತೆ. ಆಯಾ ಹಗ್ಗಕ್ಕೆ ಕೈ ಹಾಕಿದಾಗ, ಬೆನ್ನ ಹಿಂದಿನ ಖಾಲಿ ಸಭಾಂಗಣದಿಂದ ಒಂದು ಸದ್ದು ಬಂತು. ಒಣ ಪುಳ್ಳೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸಣ್ಣ ಸದ್ದು. ಸಾಲಿನ ಮುಂದೆ ನಿಂತಿದ್ದ ಮೊಮ್ಮಗಳು ಅಜ್ಜಿಯನ್ನು ನೋಡಿ ಕೈಬೀಸಿದಳು.

ಆಯಾ ಗಂಟೆಯನ್ನು ಮೂರು ಬಾರಿ ಬಾರಿಸಿದರು. ನಿಲ್ಲಿಸಲಿಲ್ಲ. ತೋಳು ಸೋಲುವವರೆಗೆ ಬಾರಿಸಿದರು. ಇನ್ನೂರು ಮಕ್ಕಳು ಹೋ ಎಂದು ಕೂಗುತ್ತ ಗೇಟಿನತ್ತ ಓಡಿದರು.

"ಏನ್ ಮಾಡಿದ್ರಿ ಇದು?" ದೊಡ್ಡ ಸಿಸ್ಟರ್ ಓಡಿಬಂದರು.

"ಶಾಲೆ ಬಿಟ್ಟೆ ಸಿಸ್ಟರ್."

"ಬಿಡೋಕೆ ನೀವು ಯಾರು?"

ಆಯಾ ತಿರುಗಿ ನಡೆದರು. ಸಭಾಂಗಣಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಕ್ಕಳನ್ನು ಗೇಟಿನಿಂದ ಹಿಂದಕ್ಕೆ ಕರೆದು, ಹಾಡುಗಳನ್ನು ಅಂಗಳದ ಬಿಸಿಲಿನಲ್ಲೇ ಹಾಡಿಸಬೇಕಾಯಿತು.

"ನಾಳೇನೇ ಬಡಗಿ ಬರ್ತಾನೆ," ಎಂದರು ದೊಡ್ಡ ಸಿಸ್ಟರ್, ಹೆತ್ತವರೆಲ್ಲ ಹೋದ ಮೇಲೆ. "ತೊಲೆ ಗಟ್ಟಿಯಾಗಿದೆ ಅಂದ್ರೆ ನೀವು ಮತ್ತೆ ಬರೋದು ಬೇಡ."

ಮರುದಿನ ಬಡಗಿ ಏಣಿ ಹತ್ತಿ ತೊಲೆಗೆ ಉಳಿಯನ್ನು ಒತ್ತಿದ. ಸುತ್ತಿಗೆ ಬೇಕಾಗಲಿಲ್ಲ. ಉಳಿ ಹಿಡಿಯವರೆಗೂ ತಾನಾಗಿ ಇಳಿಯಿತು. ಅವನು ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು ಬಂದ.

"ಬಣ್ಣ ಒಂದೇ ಉಳಿದಿರೋದು ಸಿಸ್ಟರ್. ಒಳಗೆಲ್ಲ ಹುಳು ತಿಂದು ಟೊಳ್ಳಾಗಿದೆ. ಆದ್ರೆ ಕೆಳಗೆ ಮೂಟೆಗಟ್ಟಲೆ ಪುಡಿ ಬಿದ್ದಿರಬೇಕಲ್ಲ, ಯಾರ ಕಣ್ಣಿಗೂ ಬೀಳಲಿಲ್ವಾ?"

"ನಾನು ಗುಡಿಸಿದೆ," ಎಂದರು ಆಯಾ. "ದಿನಾ ಗುಡಿಸಿದೆ."

"ಹಾಗಾದ್ರೆ ಅರ್ಧ ತೊಲೆ ನೀವೇ ಹೊತ್ತು ಹೊರಗೆ ಹಾಕಿದ್ದೀರಿ ಕಣಮ್ಮ!"

ಬಡಗಿ ನಗೆಯಾಡಿದ್ದ. ಯಾರೂ ನಗಲಿಲ್ಲ. ದೊಡ್ಡ ಸಿಸ್ಟರ್ ಆಯಾರ ಭುಜದ ಮೇಲೆ ಕೈಯಿಟ್ಟು, "ನಾಳೆ ಎಂದಿನಂತೆ ಬನ್ನಿ," ಎಂದು ಮೆಲ್ಲಗೆ ಹೇಳಿ, ಬಡಗಿಯತ್ತ ತಿರುಗಿದರು. "ಬೇರೆ ಕೋಣೆಗಳು?"

"ಅದೇ ಮರ, ಅದೇ ವರ್ಷ ಕಟ್ಟಿದ್ದು. ನೋಡಬೇಕು."

ಆಯಾ ಆಗಲೇ ಪಡಸಾಲೆಯಲ್ಲಿದ್ದರು. ಒಂದನೆಯ ತರಗತಿಯಲ್ಲಿ ನಲವತ್ತು ಮಕ್ಕಳು ಪ್ರಗತಿ ಪತ್ರಕ್ಕಾಗಿ ಕಾಯುತ್ತ ಕುಳಿತಿದ್ದರು. ಅಲ್ಲಿ ಕರಿಹಲಗೆಯ ಕೆಳಗೆ ದಿನವೂ ಬೀಳುವ ಪುಡಿಯನ್ನು ಅವರು ವರ್ಷಗಟ್ಟಲೆ ಸೀಮೆಸುಣ್ಣವೆಂದೇ ಗುಡಿಸಿದ್ದರು, ಎಂದೂ ಮುಟ್ಟಿ ನೋಡಿರಲಿಲ್ಲ. ಈಗ ಮಂಡಿಯೂರಿ ಕುಳಿತು, ಒಂದು ಚಿಟಿಕೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದರು.

ಅದು ಬಿಳಿಯಾಗಿರಲಿಲ್ಲ.

"ಅಜ್ಜಿ, ನೆಲದ ಮೇಲೆ ಏನು ಹುಡುಕ್ತಾ ಇದ್ದೀಯ?" ಎಂದು ಮೊಮ್ಮಗಳು ಬೆಂಚಿನಿಂದ ಕೇಳಿದಳು.

ಆಯಾ ಎದ್ದರು. ಯಾರನ್ನೂ ಕೇಳದೆ ಗಂಟೆಯ ಹಗ್ಗದತ್ತ ನಡೆದರು.